ಹಳಿಯಾಳಕ್ಕೆ ಸಮುದ್ರವಿಲ್ಲ

ಸಮುದ್ರದಲ್ಲಿ ಬಿರುಗಾಳಿ ಏಳುವ ಮುನ್ನ ಮೀನುಗಾರರ ಮೊಬೈಲಿಗೆ ಎಚ್ಚರಿಕೆ ಕಳಿಸುವುದು ನಮ್ಮ ಕಚೇರಿಯ ಕೆಲಸ. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಅಂಥದೊಂದು ಎಚ್ಚರಿಕೆ ಬಂದು ನನ್ನ ಫೋನು ಕಿರುಚಿತು. ಕಾರವಾರದ ಬಸ್ಸಿಗೆ ಕಾಯುತ್ತಿದ್ದವನೊಬ್ಬ ತಿರುಗಿ ನೋಡಿದ.

"ಇಂಥಾದ್ದ ನಮ್ಮ ಮಾಲಕರ ಫೋನಿಗೂ ಬರ್ತೈತ್ರಿ. ನಾ ಅವರ ದೋಣಿ ಮ್ಯಾಲ ಬಲೆ ಎಳೀತೇನಿ. ಅವರು ನಮಗ ಹೇಳೂದಿಲ್ಲ. ಹೇಳಿದ್ರ ದೋಣಿ ಯಾರ ಹತ್ತತಾರ್ರಿ?"

ನನಗೆ ಮೈಯೆಲ್ಲ ಉರಿಯಿತು. ಅವನ ನಂಬರನ್ನು ಅಲ್ಲೇ ನೋಂದಾಯಿಸಲು ಹೋದರೆ, ತಾಲೂಕುಗಳ ಪಟ್ಟಿಯಲ್ಲಿ ಅವನ ಹಳಿಯಾಳವೇ ಇಲ್ಲ! ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ.

"ಹಳಿಯಾಳದಲ್ಲಿ ಸಮುದ್ರ ಎಲ್ಲಿದೆ ಮಾರಾಯ್ರೇ? ಅದು ಕರಾವಳಿ ತಾಲೂಕಿನವರಿಗೆ ಮಾತ್ರ."

"ಸಮುದ್ರ ಇವನ ತಾಲೂಕು ಕೇಳಿ ಮುಳುಗಿಸ್ತದಾ ಸಾರ್?"

"ನಿಯಮ ನಾನು ಮಾಡಿದ್ದಲ್ಲ," ಎಂದು ಫೋನ್ ಇಟ್ಟರು.

ಆ ಮನುಷ್ಯನೇ ದಾರಿ ತೋರಿಸಿದ. "ವರ್ಷದಾಗ ಎಂಟು ತಿಂಗಳು ದೋಣಿ ಮ್ಯಾಲನ ಇರ್ತೇನ್ರಿ. ಊರು ದೋಣಿ ಅಂತ ಬರೀರಿ."

ಸಿಟ್ಟಿನ ಭರದಲ್ಲಿ ಹಾಗೇ ಬರೆದೆ: ತಾಲೂಕು ಕಾರವಾರ, ಊರು ದೋಣಿ. ಒಂದು ಪ್ರಶ್ನೆಯೂ ಇಲ್ಲದೆ ನೋಂದಣಿ ಆಯಿತು. ಸ್ವಲ್ಪ ಹೊತ್ತಿಗೆ ಅವನ ಫೋನೂ ಕಿರುಚಿತು. ಎಚ್ಚರಿಕೆಯನ್ನು ಎರಡು ಸಲ ಓದಿದ, ಚೀಲ ಹೆಗಲಿಗೇರಿಸಿದ, ಕಾರವಾರದ ಬಸ್ಸಿಗೆ ಬೆನ್ನು ಹಾಕಿ ಮನೆಯ ದಾರಿ ಹಿಡಿದ.

ನಮ್ಮ ಕಚೇರಿಯ ದಾಖಲೆಯಲ್ಲಿ ದೋಣಿ ಎಂಬ ಊರು ಇವತ್ತಿಗೂ ಇದೆ. ಇಲ್ಲದ ಆ ಊರಿನ ಬಗ್ಗೆ ಯಾರದೂ ತಕರಾರಿಲ್ಲ. ಇರುವ ಹಳಿಯಾಳಕ್ಕೆ ಮಾತ್ರ ಇನ್ನೂ ಸಮುದ್ರ ಮಂಜೂರಾಗಿಲ್ಲ.