ಮುಂದಿನ ಚಾಕಿಯ ದುಡ್ಡು

ಬಾಡಿಗೆಗೆ ಮನೆ ಕೇಳಲು ಹೋದವಳನ್ನು ಮನೆಯೊಡತಿ ಮೂಸಿ ನೋಡಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಕೋಲಾರದ ಹತ್ತಿರದ ಸುಗಟೂರಿಗೆ ಬಂದ ಮೊದಲ ದಿನವೇ ನನಗೆ ಅದಾಯಿತು. ಮುನಿರತ್ನಮ್ಮ ಎಂಬ ಆ ಹೆಂಗಸು ನಾವು ಎಷ್ಟು ಜನ, ಎಲ್ಲಿಂದ ಬಂದೆವು ಎಂದು ಕೇಳುವ ಮೊದಲೇ ಹತ್ತಿರ ಬಂದು, ನನ್ನ ಸೆರಗಿನ ಬಳಿ ಮೂಗು ತಂದು, ಮುಖ ಸಿಂಡರಿಸಿದರು.

"ಬೆಳಗ್ಗೆ ಊದುಗಡ್ಡಿ ಹಚ್ಚಿದ್ಯಾ?"

"ಹೌದ್ರಿ, ದೇವರಿಗೆ."

"ಇಲ್ಲಿ ಹಚ್ಚಂಗಿಲ್ಲ. ಸೊಳ್ಳೆ ಬತ್ತಿ ಹಚ್ಚಂಗಿಲ್ಲ, ಸೆಂಟು ಹಾಕ್ಕೊಳ್ಳಂಗಿಲ್ಲ, ನಿಮ್ಮೆಜಮಾನ್ರು ಬೀಡಿ ಸೇದಂಗಿಲ್ಲ. ಒಪ್ಪಿದ್ರೆ ತಿಂಗಳಿಗೆ ಎರಡು ಸಾವಿರ."

ಕಾರಣ ಗೋಡೆಯ ಆಚೆಗಿತ್ತು. ಅದು ಹುಳುಮನೆ, ಅಂದರೆ ರೇಷ್ಮೆಹುಳ ಸಾಕುವ ಕೋಣೆ. ಹೊಗೆ, ವಾಸನೆ ಏನು ತಾಗಿದರೂ ಹುಳ ಸಾಯುತ್ತವೆ. ಹಾಗಾಗಿ ಆ ಬಾಡಿಗೆ ಮನೆಗೆ ಯಾರೂ ಬರುತ್ತಿರಲಿಲ್ಲ. ನನ್ನ ಗಂಡ ಬಸವರಾಜ ಕೆಲಸಕ್ಕೆ ಸೇರಿದ್ದ ನರಸಾಪುರದ ಕಾರ್ಖಾನೆಗಳ ಸುತ್ತ ಇಷ್ಟೇ ದೊಡ್ಡ ಮನೆಗೆ ಐದು ಸಾವಿರ ಹೇಳುತ್ತಿದ್ದರು. ದೇವರಿಗೆ ಬರೀ ದೀಪ ಸಾಕು ಎಂದು ನಾನು ಅಲ್ಲೇ ನಿಂತು ತೀರ್ಮಾನಿಸಿದೆ.

ರೋಣ ತಾಲ್ಲೂಕಿನ ನಮ್ಮೂರಿನಲ್ಲಿ ನಮಗೆ ಬಳೆ, ನೋಟ್‌ಬುಕ್ಕು ಮಾರುವ ಅಂಗಡಿಯಿತ್ತು. ಅದು ಮುಳುಗಿದಾಗ ಎರಡು ಸಾಲ ಉಳಿದವು. ಒಂದು ಸಂಘದ್ದು, ವಾರವಾರ ಕಂತು ಕಟ್ಟಲೇಬೇಕು, ಬಡ್ಡಿಯೂ ಜೋರು. ಇನ್ನೊಂದು ನನ್ನ ಸೋದರಮಾವನದು. ಅದಕ್ಕೆ ಬಡ್ಡಿ ಇಲ್ಲ, ಗಡುವೂ ಇಲ್ಲ. ಗಂಡ, ಆರು ವರ್ಷದ ಮಗಳು, ಎರಡು ಟ್ರಂಕು ಹಿಡಿದುಕೊಂಡು ನಾಡಿನ ಈ ತುದಿಗೆ ಬಂದೆವು. ಇದೂ ಕರ್ನಾಟಕವೇ ಎಂದು ಧೈರ್ಯವಾಗಿದ್ದೆ. ಆದರೆ ಇಲ್ಲಿ ಬೀದಿಯ ಅರ್ಧ ಮಾತು ತೆಲುಗು. ಮರುದಿನ ಬೆಳಗ್ಗೆ ಪಕ್ಕದ ಮನೆಯಜ್ಜಿ "ಏಮ್ಮಾ, ತಿಂಟಿವಾ?" ಎಂದಾಗ ನಾನೇನೋ ಕದ್ದು ತಿಂದೆನೆಂದು ಕೇಳುತ್ತಿದ್ದಾಳೆ ಎನ್ನಿಸಿ ಮುಖ ಕೆಂಪಾಯಿತು. ಅದು ನಮ್ಮ "ಊಟಾತೇನವಾ?" ಎಂಬುದಷ್ಟೇ.

ಜೋಳ ಇಲ್ಲಿ ಸುಲಭಕ್ಕೆ ಸಿಗದು, ಸಿಕ್ಕರೆ ದುಬಾರಿ. ರಾಗಿ ಅಗ್ಗ. ಹಾಗಾಗಿ ಮುದ್ದೆ ತಿರುವಲು ಕಲಿತೆ. ನನ್ನ ಮೊದಲ ಮುದ್ದೆಯನ್ನು ನೋಡಿ ಮುನಿರತ್ನಮ್ಮ, "ಇದ್ರಲ್ಲಿ ಗಂಟು ಜಾಸ್ತಿ ಐತೋ ರಾಗಿ ಜಾಸ್ತಿ ಐತೋ?" ಎಂದು ನಕ್ಕರು. ರೊಟ್ಟಿ ಬಡಿಯುವ ಸದ್ದಿಲ್ಲದ ಬೆಳಗುಗಳಿಗೆ ನಾನು ತಿಂಗಳುಗಟ್ಟಲೆ ಒಗ್ಗಲಿಲ್ಲ. ಒಬ್ಬಳೇ ಇದ್ದಾಗ ಅಳುತ್ತಿದ್ದೆ, ಯಾರಾದರೂ ಬಂದರೆ ಈರುಳ್ಳಿ ಹೆಚ್ಚಿದೆ ಎನ್ನುತ್ತಿದ್ದೆ.

ಈಗ ನನ್ನ ದೊಡ್ಡ ದಡ್ಡತನವನ್ನು ಹೇಳಬೇಕು. ಗಂಡನ ಸಂಬಳ ಬಂದ ದಿನವೇ ಮಾವನಿಗೆ ಐದು ಸಾವಿರ ಕಳಿಸುತ್ತಿದ್ದೆ, ಮುನಿರತ್ನಮ್ಮನವರ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿಯೂ ಇದ್ದೆ. ಅವನು ಕೇಳಿರಲಿಲ್ಲ. ಆದರೆ ಮಾವ ಕಟ್ಟೆಯ ಮೇಲೆ ಕೂತು, "ನಮ್ಮ ಸುವರ್ಣಾ ದೂರ ಹೋದ್ರೂ ಮಾತು ತಪ್ಪಲಿಲ್ಲ ನೋಡ್ರಿ" ಎನ್ನುತ್ತಾನೆ ಎಂದು ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಆ ಒಂದು ಮಾತಿಗೆ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಅಂಗಡಿ ಮುಚ್ಚಿ ತಲೆ ತಗ್ಗಿಸಿ ಊರು ಬಿಟ್ಟವಳಿಗೆ ಆ ಹೊಗಳಿಕೆ ಬೇಕಿತ್ತು. ಅದಕ್ಕೆ ತಿಂಗಳ ಕೊನೆಗೆ ಕೈಯಲ್ಲಿ ಒಂದು ರೂಪಾಯಿಯೂ ಉಳಿಯುತ್ತಿರಲಿಲ್ಲ.

ಹನ್ನೊಂದನೇ ತಿಂಗಳು ಬಸವರಾಜನಿಗೆ ಬ್ರೇಕ್ ಕೊಟ್ಟರು. ಗುತ್ತಿಗೆಯ ಮೇಲೆ ದುಡಿಯುವವರನ್ನು ಹೀಗೆ ಒಂದೂವರೆ ತಿಂಗಳು ಮನೆಗೆ ಕಳಿಸಿ ಮತ್ತೆ ಕರೆಯುತ್ತಾರೆ ಎಂದು ನಮಗೆ ಗೊತ್ತೇ ಇರಲಿಲ್ಲ. ಎರಡನೇ ವಾರಕ್ಕೆ ಅಕ್ಕಿ ಮುಗಿಯಿತು. ಸಂಘದ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಬೆಂಡೋಲೆಯನ್ನು ಕೋಲಾರದ ಗಿರವಿ ಅಂಗಡಿಯಲ್ಲಿಟ್ಟೆ. ಎರಡು ಸಾಲ ಮೂರಾದವು. ಬಸವರಾಜ ಟ್ರಂಕಿನ ಕಡೆ ನೋಡಿ, "ಹೋಗಿಬಿಡೂಣೇನ?" ಎಂದ. ಹೋಗಿ ಏನು ಮಾಡುವುದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಅದಕ್ಕೇ ಉಳಿದೆವು.

ಅವನು ಕೆಲಸಕ್ಕೆ ಮರಳಿದ ಮೇಲೆ ಮಾವನಿಗೆ ಮತ್ತೆ ಐದು ಸಾವಿರ ಹೋಯಿತು. ಆ ತಿಂಗಳು ನಮ್ಮ ಸೊಳ್ಳೆಪರದೆ ಹರಿದಿತ್ತು. ಹೊಸದಕ್ಕೆ ನಾನೂರು ರೂಪಾಯಿ ಬೇಕು, ಇರಲಿಲ್ಲ. ಮಗಳ ಮೈತುಂಬ ಗುಳ್ಳೆ ಎದ್ದಿದ್ದನ್ನು ನೋಡಲಾಗದೆ ಒಂದು ಸಂಜೆ ಅರ್ಧ ಸೊಳ್ಳೆ ಬತ್ತಿ ಹಚ್ಚಿದೆ. ನಮ್ಮ ಕಿಟಕಿ ಇರುವುದು ಇನ್ನೊಂದು ಬದಿಗೆ, ಅರ್ಧ ಬತ್ತಿಯಿಂದ ಏನಾದೀತು ಎಂದುಕೊಂಡೆ.

ಬೆಳಗ್ಗೆ ಹುಳುಮನೆಯಿಂದ ಮುನಿರತ್ನಮ್ಮ ಕರೆದರು. ನಮ್ಮ ಗೋಡೆಯ ಕಡೆಗಿದ್ದ ಸಾಲಿನ ಹುಳಗಳೆಲ್ಲ ತಲೆ ಅಲ್ಲಾಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿದ್ದ, ಬೆರಳು ಗಾತ್ರದ ಹುಳ. ಹಿಪ್ಪುನೇರಳೆ ಸೊಪ್ಪು ಹಾಕಿ ಹಾಕಿ ಅವರ ಅಂಗೈ ಕಪ್ಪಾಗಿದ್ದನ್ನು ನಾನು ದಿನಾ ನೋಡಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನಽ ಹಚ್ಚಿದೆರಿ. ಎಷ್ಟಾಕ್ಕೇತಿ ಹೇಳ್ರಿ, ತೀರಸ್ತೀವಿ."

"ಯಾವ ದುಡ್ಡಲ್ಲಿ ತೀರಿಸ್ತೀಯ?"

"ಯಾರ ಕಡೆಯಾದ್ರೂ ತರ್ತೀವ್ರಿ."

"ಅದೇ ನಿನ್ ರೋಗ," ಎಂದರು. ಸಿಟ್ಟಿನಲ್ಲಿ ಅವರ ದನಿ ಏರಲಿಲ್ಲ, ಇಳಿಯಿತು. "ನಾನೂರು ರೂಪಾಯಿ ಪರದೆಗಿಲ್ಲ, ಊರಿಗೆ ಐದ್ಸಾವಿರ ಕಳಿಸ್ತೀಯ. ಯಾರನ್ನ ಮೆಚ್ಚಿಸಕ್ಕೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮನೆ ಖಾಲಿ ಮಾಡು ಎನ್ನುತ್ತಾರೆ ಎಂದು ಕಾದೆ. ಅವರು ಸತ್ತ ಹುಳ ಗುಡಿಸಿ, ದೂರ ಗುಂಡಿ ತೋಡಿ ಮುಚ್ಚಿದರು. ಉಳಿದ ಹುಳ ಗೂಡು ಕಟ್ಟಿದ ಮೇಲೆ ಕೋಣೆಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಸುಣ್ಣ ಬಳಿದರು. ನಾನೂ ಕೈಜೋಡಿಸಿದೆ. ಅರ್ಧ ಬೆಳೆ ಹೋದರೂ ಹೊಸ ಚಾಕಿ ತರಲು ಅವರು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಚಾಕಿ ಎಂದರೆ ಸಾಕಲು ಕೊಂಡು ತರುವ ಮರಿ ಹುಳ. ಸೋಜಿಗವಾಗಿ ಕೇಳಿದೆ.

"ಗೂಡು ಮಾರಿದ ದಿನ ಮೊದ್ಲು ಮುಂದಿನ ಚಾಕಿ ದುಡ್ಡು ತೆಗೆದಿಡ್ತೀನಿ," ಎಂದರು. "ಆಮೇಲೆ ಬ್ಯಾಂಕ್ ಸಾಲ, ಆಮೇಲೆ ಅಂಗಡಿ ಬಾಕಿ, ಆಮೇಲೆ ಹೊಟ್ಟೆ. ನಂಗೂ ಸಾಲ ಐತೆ ಕಣಮ್ಮ. ಆದ್ರೆ ಹುಳ ಯಾವತ್ತು ಸಾಯ್ತವೋ ಯಾರು ಕಂಡವ್ರೆ? ಚಾಕಿ ದುಡ್ಡೂ ಸಾಲಕ್ಕೆ ಕಟ್ಬಿಟ್ರೆ, ಹುಳ ಸತ್ತ ದಿನ ಇನ್ನೊಂದು ಸಾಲ."

ನನ್ನ ಕಿವಿಯೋಲೆಗಳ ಜಾಗದಲ್ಲಿದ್ದ ಬೇವಿನ ಕಡ್ಡಿ ಆಗ ಚುರ್ ಎಂದಿತು. ನಮ್ಮ ಹುಳ ಸತ್ತದ್ದು ಬ್ರೇಕಿನ ದಿನ. ನಮ್ಮಲ್ಲಿ ಚಾಕಿಯೇ ಇರಲಿಲ್ಲ.

ನಷ್ಟಕ್ಕೆ ಬದಲಾಗಿ ಅವರು ದುಡ್ಡು ಕೇಳಲಿಲ್ಲ. ಮುಂದಿನ ಎರಡು ಬೆಳೆಗೆ ಹುಳ ಹಣ್ಣಾದಾಗ ಕೂಲಿಯಿಲ್ಲದೆ ಬಾ ಎಂದರು. ಹುಳ ಹಣ್ಣಾಗುವುದು ಎಂದರೆ ತಿನ್ನುವುದು ಬಿಟ್ಟು ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ಸುತ್ತುಸುತ್ತಾದ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ಹಾಳು ಮಾಡುತ್ತವೆ. ಬಳೆ ಆರಿಸಿ ಪಳಗಿದ ನನ್ನ ಬೆರಳು ಆ ಕೆಲಸಕ್ಕೆ ಚುರುಕಾಗಿದ್ದವು. ಎರಡು ಬೆಳೆಯ ಋಣ ತೀರುವ ಹೊತ್ತಿಗೆ ಊರಿನ ಬೇರೆ ಮನೆಗಳಿಂದಲೂ ಕರೆ ಬಂತು. ಈಗ ದಿನಕ್ಕೆ ನಾನೂರು ಕೂಲಿ.

ಆದರೆ ಅದಕ್ಕೂ ಮೊದಲು ನನಗೆ ಕಷ್ಟದ ಕೆಲಸ ಒಂದಿತ್ತು. ಮಾವನಿಗೆ ಫೋನ್ ಮಾಡುವುದು. ಬಸವರಾಜ ಬೇಡವೆಂದ.

"ಸಾಲ ಇಟಗೊಂಡು ರೊಕ್ಕ ಕೂಡಿಟ್ರ ಮಂದಿ ಏನಂದಾರು?"

"ಮಂದಿ ಬ್ರೇಕಿನಾಗ ಅಕ್ಕಿ ಕೊಟ್ರೇನ?" ಎಂದೆ.

ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ನಾಲ್ಕನೇ ಸಲ ಹೇಳಿಬಿಟ್ಟೆ, ಇನ್ನು ಮೇಲೆ ತಿಂಗಳಿಗೆ ಎರಡೇ ಸಾವಿರ, ಆದರೆ ಯಾವ ತಿಂಗಳೂ ತಪ್ಪುವುದಿಲ್ಲ ಎಂದು. ಮಾವ "ನಿನ್ನ ಇಚ್ಛಾ" ಎಂದು ಇಟ್ಟುಬಿಟ್ಟ. ಕಟ್ಟೆಯ ಮೇಲಿನ ಹೊಗಳಿಕೆ ಅಲ್ಲಿಗೆ ನಿಂತಿತು. ಅವ್ವನೂ ಒಂದು ತಿಂಗಳು ಬಿಗಿಯಾಗಿ ಮಾತಾಡಿದಳು. ನನಗೆ ನೋವಾಯಿತು, ನಿಜ. ಆದರೆ ಆ ತಿಂಗಳ ಮೊದಲ ಖರ್ಚು ಹೊಸ ಸೊಳ್ಳೆಪರದೆ.

ಉಳಿದ ಮೂರು ಸಾವಿರದಲ್ಲಿ ಎರಡು ಗಿರವಿ ಅಂಗಡಿಗೆ, ಒಂದು ಅಂಚೆ ಕಚೇರಿಯ ಪಾಸ್‌ಬುಕ್ಕಿಗೆ. ನನ್ನ ಹುಳದ ಕೂಲಿಯೂ ಅದಕ್ಕೇ. ಎಟಿಎಂ ಕಾರ್ಡ್ ಬೇಡವೆಂದೆ. ಕಾರ್ಡಿದ್ದರೆ ನನ್ನ ಕೈಯನ್ನು ನಾನೇ ನಂಬುವುದಿಲ್ಲ. ಪಕ್ಕದ ಬೀದಿಯವರು ಚೀಟಿಗೆ ಸೇರು ಎಂದು ಕರೆದಾಗ ಮನಸ್ಸು ವಾಲಿತ್ತು. ಮುನಿರತ್ನಮ್ಮ ತಡೆದರು. "ಚೀಟಿ ದುಡ್ಡು ನಿನ್ ಸರದಿಗೆ ಬರತ್ತೆ. ಕಷ್ಟ ಅದರ ಸರದಿಗೆ ಬರತ್ತೆ."

ಪಾಸ್‌ಬುಕ್ಕಿನ ರಟ್ಟಿನ ಮೇಲೆ ಮಗಳ ಕೈಯಲ್ಲಿ "ಚಾಕಿ" ಎಂದು ಬರೆಸಿದೆ. ಹುಳ ಸತ್ತರೆ ಮಾತ್ರ ಮುಟ್ಟಬೇಕು ಎಂಬುದು ಮನೆಯ ಕಾನೂನು. ಬಸವರಾಜನ ಫೋನಿನ ಗಾಜು ಒಡೆಯಿತು. ಹುಳ ಸತ್ತಿಲ್ಲ ಎಂದೆ. ಅವನು ಬಿರುಕು ಬಿಟ್ಟ ಗಾಜಿನಲ್ಲೇ ಐದು ತಿಂಗಳು ಕಳೆದ. ಊರಿನಲ್ಲಿ ದೂರದ ನೆಂಟರ ಮದುವೆ ಬಂತು. ಮುಯ್ಯಿಗೆ ನೂರೊಂದು ಕಳಿಸಿ ಸುಮ್ಮನಾದೆ, ಬೈಸಿಕೊಂಡೆ. ಮಗಳಿಗೆ ಜ್ವರ ಇಳಿಯದೆ ಕೋಲಾರದ ಆಸ್ಪತ್ರೆಗೆ ಹೋದಾಗ ಮಾತ್ರ ಸಾವಿರದ ಎಂಟುನೂರು ತೆಗೆದೆ. ಔಷಧಿ ಅಂಗಡಿಯಲ್ಲಿ ನಿಂತು, ಯಾರಿಗೂ ಫೋನ್ ಮಾಡದೆ ದುಡ್ಡು ಎಣಿಸಿಕೊಟ್ಟಾಗ ನನಗೆ ಅಳು ಬಂತು. ಅಂಗಡಿಯವನು ಮಗುವಿಗೆ ಏನೋ ಆಗಿದೆ ಎಂದು ಗಾಬರಿಯಾದ. ಮುಂದಿನ ಎರಡು ಬೆಳೆಯಲ್ಲಿ ಆ ಹಳ್ಳ ಮುಚ್ಚಿದೆ.

ಈ ವರ್ಷ ಮಾವಿನ ಕಾಲದಲ್ಲಿ ಮತ್ತೆ ಬ್ರೇಕ್ ಬಂತು. ಬಸವರಾಜ ಮನೆಗೆ ಬಂದು ಗುರುತಿನ ಚೀಟಿಯ ದಾರ ತೆಗೆದು ಮೊಳೆಗೆ ಹಾಕಿದ. ನಾನು ಪಾಸ್‌ಬುಕ್ ಮುಂದಿಟ್ಟೆ. ಇಪ್ಪತ್ತೆರಡು ಸಾವಿರದ ಮುನ್ನೂರು.

"ಇಷ್ಟ್ ಐತೇನ?" ಎಂದ. ತಿರುವಿ ಮತ್ತೆ ನೋಡಿದ. ಆಮೇಲೆ ಮುದ್ದೆ ಕೇಳಿ ಎರಡು ಉಂಡ.

ಅಕ್ಕಿ ಬಂತು, ಗ್ಯಾಸ್ ಬಂತು, ಸಂಘದ ಕಂತು ಒಂದು ವಾರವೂ ತಪ್ಪಲಿಲ್ಲ, ಮಾವನ ಎರಡು ಸಾವಿರವೂ ತಪ್ಪಲಿಲ್ಲ. ಯಾರ ಮುಂದೆಯೂ ಕೈ ಚಾಚದ ಗಂಡಸು ಎಷ್ಟು ನಿರಾಳವಾಗಿ ಕೆಲಸ ಹುಡುಕುತ್ತಾನೆ ಎಂದು ಆಗ ಕಂಡೆ. ಹೋದ ವರ್ಷ ಸಿಕ್ಕ ಕೂಲಿಗೆ ಓಡುತ್ತಿದ್ದವನು, ಈ ಸಲ ನಾಲ್ಕು ಕಡೆ ವಿಚಾರಿಸಿ, ಒಳ್ಳೆಯ ಕೂಲಿ ಕೊಡುವ ಶ್ರೀನಿವಾಸಪುರದ ಮಾವಿನ ಮಂಡಿಯೊಂದನ್ನು ಆರಿಸಿಕೊಂಡ. ಯಲ್ದೂರಿನ ತೋಟಗಳಿಂದ ಬಂದ ಹಣ್ಣನ್ನು ಲಾರಿಗೆ ತುಂಬುವ ಕೆಲಸ. ಸಂಜೆ ಮೈಯೆಲ್ಲ ಮಾವಿನ ಸೊನೆಯ ವಾಸನೆ ಹೊತ್ತು ಬರುತ್ತಿದ್ದ. ನಾಲ್ಕು ವಾರ ದುಡಿದದ್ದರಲ್ಲಿ ನನ್ನ ಬೆಂಡೋಲೆ ಬಿಡಿಸಿ ತಂದ. ಚಾಕಿಯಲ್ಲಿ ಇನ್ನೂ ಹತ್ತು ಸಾವಿರ ಉಳಿದಿತ್ತು. ಕಿವಿಗೆ ಓಲೆ ಹಾಕಿಕೊಂಡು ಬೀದಿಯ ತುದಿಯ ತನಕ ಸುಮ್ಮನೆ ನಡೆದು ಬಂದೆ. ಕೆಲಸವೇನೂ ಇರಲಿಲ್ಲ.

ಬ್ರೇಕಿನ ಕೊನೆಯ ವಾರ ಊರಿಗೆ ಹೋದೆವು. ಮಾವ ಅವ್ವನ ಮನೆಗೆ ಬಂದ. ಚಹಾ ಕುಡಿದು ಲೋಟ ಕೆಳಗಿಟ್ಟ.

"ಕೆಲಸ ಇಲ್ಲದಾಗೂ ಕಳಿಸಿದ್ಯಲ್ಲ. ಬ್ಯಾರೆ ಕಡೆ ಸಾಲ ತಂದಿಯೇನ?"

"ಇಲ್ಲ ಮಾಮಾ. ಕೂಡಿಟ್ಟಿದ್ದೆ."

ಅವನು ನನ್ನ ಕಿವಿ ನೋಡಿದ, ಬಸವರಾಜನನ್ನು ನೋಡಿದ. "ಬಸ್‌ಸ್ಟ್ಯಾಂಡ್ ಹತ್ರ ಒಂದು ಮಳಿಗಿ ಖಾಲಿ ಆಗೈತಿ. ಮುಂಗಡ ಹತ್ತು ಸಾವಿರ. ನಾ ಹೇಳಿದ್ರ ನಿಮಗಽ ಕೊಡ್ತಾರ. ಸಾಕು ಅಲ್ಲಿ ಇದ್ದದ್ದು, ಬಂದುಬಿಡ್ರಿ."

ಚಾಕಿಯಲ್ಲಿ ಉಳಿದದ್ದೂ ಸರಿಯಾಗಿ ಅಷ್ಟೇ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸುಳ್ಳೇಕೆ, ಆ ಮಳಿಗೆ ನನಗೆ ಬೇಕೆನಿಸಿತು. ಬಳೆಗಳನ್ನು ಬಣ್ಣಬಣ್ಣವಾಗಿ ಜೋಡಿಸಿದ ಗಾಜಿನ ಕಪಾಟು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಮುಂದಿನ ಸೋಮವಾರ ಹಣ್ಣಾಗಲಿರುವ ಹುಳ, ಸುಗಟೂರಿನ ಶಾಲೆಯಲ್ಲಿ "ನಮ್ ಮಿಸ್ಸು" ಎಂದು ಕುಣಿಯುವ ಮಗಳೂ ನೆನಪಾದರು. ಎರಡು ವರ್ಷದ ಹಿಂದಾಗಿದ್ದರೆ ಮಾವನ ಮಾತು ಮುಗಿಯುವ ಮೊದಲೇ ಹೂಂ ಎನ್ನುತ್ತಿದ್ದೆ.

"ಆ ರೊಕ್ಕ ಮುಂಗಡಕ್ಕಲ್ಲ ಮಾಮಾ. ಮುಂದಿನ ಯುಗಾದಿಗೆ ಹೇಳ್ತೇನಿ."

"ಅಲ್ಲೀತನಕ ಮಳಿಗಿ ಉಳಿಬೇಕಲ್ಲ?"

"ಉಳೀದಿದ್ರ ಇನ್ನೊಂದು ನೋಡೂಣು. ಅದಕ್ಕ ಬ್ಯಾರೆ ಕೂಡಿಸ್ತೇನಿ."

ಮಾವ ಬಸವರಾಜನ ಕಡೆ ತಿರುಗಿದ. "ಅಕಿ ಹೇಳಿದಂಗ," ಎಂದ ನನ್ನ ಗಂಡ. ಮಾವ ಗಡ್ಡ ಕೆರೆದುಕೊಂಡ. "ಆತು ತಗೋ, ಕಾಯ್ತೇನಿ," ಎಂದ.

ಅಂಗಡಿ ಮುಚ್ಚಿ ಹೊರಟ ದಿನ ನಮ್ಮನ್ನು ಇರು ಎಂದವರೂ ಇರಲಿಲ್ಲ, ಬಾ ಎಂದವರೂ ಇರಲಿಲ್ಲ. ಸಾಲವೇ ನಮ್ಮನ್ನು ರೈಲು ಹತ್ತಿಸಿತ್ತು. ಈ ಸಲ ನಾನೇ ಹತ್ತಿದೆ. ಗದಗ ದಾಟುವ ತನಕ ಕಣ್ಣು ಒರೆಸಿಕೊಂಡೆ, ಕೋಲಾರ ಹತ್ತಿರವಾದಂತೆ ಹುಳ ಹಣ್ಣಾದವೋ ಏನೋ ಎಂದು ಚಡಪಡಿಸಿದೆ. ನನಗೆ ಎರಡೂ ಊರು ಬೇಕು. ಯಾವುದನ್ನು ಬಿಡಬೇಕೆಂದು ಇಷ್ಟು ದಿನ ಸಾಲ ಹೇಳುತ್ತಿತ್ತು, ಇನ್ನು ನಾನು ಹೇಳಬೇಕು.