ಗಂಜಿ ಬಟ್ಟೆಯಲ್ಲಿ ಸೋಸಿದ ಕರಿ ಪೌಡರ್

ಕರಿ ಪೌಡರ್ ಎಂಬ ಹಳದಿ ಧೂಳನ್ನು ಕಂಡುಹಿಡಿದವರಿಗೆ ನಾಲಿಗೆಯೇ ಇರಲಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಮೂವತ್ತರ ದಶಕದಲ್ಲಿ, ಸೇಲಂನ ಕಾನ್ವೆಂಟಿನ ಡೊಮೆಸ್ಟಿಕ್ ಸೈನ್ಸ್ ಕ್ಲಾಸಿನಲ್ಲಿ ಅದನ್ನು ನಮಗೆ ಕಲಿಸಿದ ಸಿಸ್ಟರ್, ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅಂಥವರು ಬೋರ್ಡಿನ ಮೇಲೆ ಬರೆದರು: ಕೊತ್ತಂಬರಿ ಬೀಜ ನಾಲ್ಕು ಟೀಸ್ಪೂನ್, ಅರಿಸಿನ ಎರಡು, ಸಾಸಿವೆ, ಒಣಶುಂಠಿ, ಮೆಣಸು ಒಂದೊಂದು. ಹುರಿಯುವ ಮಾತೇ ಇಲ್ಲ. ಕೊನೆಗೆ ಮಸ್ಲಿನ್ನಿನಲ್ಲಿ ಸೋಸಬೇಕಂತೆ. ಶುಕ್ರವಾರ ಒಬ್ಬ ದೊರೆಸಾನಿ ಬಂದು ರುಚಿ ನೋಡುವವಳಿದ್ದಳು.

ನಮ್ಮದು ಮಗ್ಗದ ಮನೆ. ನಾನು ಕುಟ್ಟಲು ಕೂತಾಗ ಅಜ್ಜಿ ಒರಳಿನ ಹತ್ತಿರ ಬಂದು ಮೂಗು ಮುಚ್ಚಿಕೊಂಡಳು.

“ಉರೀದೆ ಕುಟ್ತೀಯಲ್ಲೇ? ಪಚ್ಚೆ ವಾಸನೆ ಒಡೀತೈತೆ. ಎಮ್ಮೆಗಾಕಿದ್ರೆ ಎಮ್ಮೇನೂ ತಿನ್ನಾಕಿಲ್ಲ.”

“ನಿಂಗೆ ಗೊತ್ತಾಗಲ್ಲ ಅಜ್ಜಿ, ಇದು ಇಂಗ್ಲಿಷ್ ಮೆಥಡ್.”

ಮಸ್ಲಿನ್ ಎಲ್ಲಿಂದ ತರಲಿ? ಗೂಟದಲ್ಲಿ ಗಂಜಿ ಸೋಸುವ ತೆಳು ಬಟ್ಟೆ ನೇತಾಡುತ್ತಿತ್ತು. ನೂಲಿಗೆ ಹಚ್ಚುವ ಗಂಜಿಯಲ್ಲಿ ಒಂದು ಅಗುಳೂ ಉಳಿಯದಂತೆ ಸೋಸುವುದು ಮದುವೆಯಾಗಿ ಬಂದಂದಿನಿಂದ ಅಜ್ಜಿಯ ಕೆಲಸ; ಬೇರೆ ಯಾರೂ ಆ ಬಟ್ಟೆ ಮುಟ್ಟುತ್ತಿರಲಿಲ್ಲ. ಅವಳು ಒಳಗೆ ಹೋದದ್ದೇ ನಾನು ಅದರಲ್ಲಿ ಪುಡಿ ಸೋಸಿ, ಕೊಡವಿ, ಮತ್ತೆ ಗೂಟಕ್ಕೆ ಹಾಕಿದೆ.

ಮರುದಿನ ಅಜ್ಜಿ ನಸುಕಿನ ಮಬ್ಬಿನಲ್ಲೇ ಗಂಜಿ ಸೋಸಿಕೊಟ್ಟಳು. ಬೀದಿಯುದ್ದಕ್ಕೂ ಎಳೆದು ಕಟ್ಟಿದ ಬಿಳಿ ನೂಲಿಗೆ ಅಪ್ಪ ಅದನ್ನು ಹಚ್ಚಿದರು. ಬೆಳಕು ಹರಿದಾಗ ಅರ್ಧ ನೂಲಿಗೆ ಕಾಮಾಲೆ.

“ಅವ್ವಾ, ಕಣ್ಣು ಓಯ್ತಾ ನಿಂಗೆ? ಅರಿಸಿನದ ಕೈಯಾಗೇ ಬಟ್ಟೆ ಮುಟ್ಟಿದ್ದೀಯ. ನಾಳೆಯಿಂದ ಗಂಜಿ ಸುದ್ದಿಗೆ ಬರಬ್ಯಾಡ, ಮೂಲೇಲಿ ಕೂತ್ಕೋ.”

ಅಜ್ಜಿ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದಳು, ಪಾಪ. ಇಷ್ಟು ವಯಸ್ಸಾದರೂ ಆ ಕೈಗಳು ನನ್ನ ಕಣ್ಣಮುಂದಿನಿಂದ ಹೋಗಿಲ್ಲ.

“ಅಪ್ಪಾ, ಅದು ನಾನು ಮಾಡಿದ್ದು.”

“ನೀನಾ? ಒನಕೆ ಯಾವ ಕಡೆ ಇಡೀಬೇಕು ಅಂತ ತಿಳೀದ ದೊರೆಸಾನಿ ನೀನು! ಅಜ್ಜೀನ ಉಳಿಸಾಕೆ ಸುಳ್ಳೇಳ್ಬ್ಯಾಡ. ಸ್ಕೂಲ್ಗೋಗು.”

ಅಷ್ಟು ದಿನ ಕಾನ್ವೆಂಟಿನವಳೆಂದು ನಾನು ಬೀಗಿದ್ದಕ್ಕೆ ಸಿಕ್ಕ ಸರ್ಟಿಫಿಕೇಟ್ ಅದು. ಒಳಗಿನಿಂದ ಶುಕ್ರವಾರಕ್ಕೆಂದು ತುಂಬಿಟ್ಟಿದ್ದ ಡಬ್ಬಿ ತಂದು, ಇದ್ದಬದ್ದ ಪುಡಿಯನ್ನೆಲ್ಲ ಅಷ್ಟರಲ್ಲಿ ಒಣಗಿದ್ದ ಆ ಗಂಜಿ ಬಟ್ಟೆಗೆ ಸುರಿದು, ಅಪ್ಪನ ಕಣ್ಣೆದುರೇ ಸೋಸಿ, ಕೊಡವಿ, ಚೊಂಬು ನೀರು ಹೊಯ್ದೆ. ಹಳದಿ ನೀರು ಕಾಲಮೇಲೆ ಇಳಿಯಿತು. ಹಸಿ ಸಾಸಿವೆಯ ಆ ನಾತ, ಹಾರಿಬಲ್! ಅಪ್ಪ ಬಟ್ಟೆ ಮೂಸಿದರು, ಹೋಗಿ ನೂಲನ್ನೂ ಮೂಸಿದರು. ಹೆತ್ತವಳ ಹತ್ತಿರ ತಪ್ಪಾಯಿತೆನ್ನುವ ಗಂಡಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸುಮ್ಮನೆ ಬಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು, “ನಾಳೆ ಬೇಗ ಸೋಸು” ಎಂದರು.

ಅಜ್ಜಿ ಅದನ್ನು ಹಿಂಡುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇನ್ನೊಂದ್ಸಲ ಆ ಸುಡುಗಾಡು ಪುಡಿ ಮಾಡಂಗಿದ್ರೆ, ನಿನ್ ಲಂಗದಾಗೆ ಸೋಸ್ಕೋ ಲೇ.”