ಎಣಿಸದೆ ಬರೆದ ಇಪ್ಪತ್ತು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ರೋಗಿಗಳು, ನೆಲ ಒರೆಸುತ್ತಿದ್ದ ಆಯಾ ಒಬ್ಬಳು, ನಾನು. ಹದಿನಾಲ್ಕು ಜನರ ಹಾಳೆಯಲ್ಲೂ ಉಸಿರಾಟ ನಿಮಿಷಕ್ಕೆ ಇಪ್ಪತ್ತು ಎಂದು ಬರೆದಿದ್ದೆ. ಒಬ್ಬರ ಉಸಿರನ್ನೂ ಎಣಿಸಿರಲಿಲ್ಲ. ಅವರಲ್ಲಿ ಒಬ್ಬಳು, ಬೇಗೂರಿನ ಮಂಜುಳ, ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡಳು. ಆ ಸಾವಿನ ಹೊಣೆಯನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಅವಳ ಅತ್ತೆ ಹೊತ್ತಳು. ಹೊರಲಿ ಎಂದು ಬಿಟ್ಟವಳು ನಾನು.

ಆಗ ನಾನು ಗುಂಡ್ಲುಪೇಟೆ ಕಡೆಯ ಹೆದ್ದಾರಿ ಪಕ್ಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಆಸ್ಪತ್ರೆ ಈಗಿಲ್ಲ, ಆ ಕಟ್ಟಡದಲ್ಲಿ ಟೈರ್ ಅಂಗಡಿ ಇದೆ. ನನ್ನ ವಾರ್ಡಿನ ಹಾಳೆಗಳು ಹತ್ತು ಗಂಟೆಗೆ ಸರಿಯಾಗಿ ಸಿದ್ಧವಿರುತ್ತಿದ್ದವು — ಒಂದು ಚಿತ್ತು ಇಲ್ಲ, ಒಂದು ಖಾಲಿ ಮನೆ ಇಲ್ಲ. ಹೊಸ ಹುಡುಗಿಯರಿಗೆ ಡಾಕ್ಟರು ಅವನ್ನೇ ತೋರಿಸಿ, ಹೀಗೆ ಬರೆಯಬೇಕು ಎನ್ನುತ್ತಿದ್ದರು. ಜ್ವರ ನೋಡುತ್ತಿದ್ದೆ, ನಾಡಿ ನೋಡುತ್ತಿದ್ದೆ, ಬಿಪಿ ನೋಡುತ್ತಿದ್ದೆ. ಉಸಿರಾಟದ ಮನೆಗಳನ್ನು ಮಾತ್ರ ಡ್ಯೂಟಿಗೆ ಬಂದ ಕೂಡಲೇ ಸಂಜೆಯವರೆಗಿನದೂ ಸೇರಿಸಿ ಒಟ್ಟಿಗೆ ತುಂಬಿಬಿಡುತ್ತಿದ್ದೆ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು.

ಕಲಿತದ್ದು ಹಾಗಲ್ಲ. ಉಸಿರು ಎಣಿಸುತ್ತಿದ್ದೇನೆ ಎಂದು ರೋಗಿಗೆ ಹೇಳಬಾರದು, ಹೇಳಿದರೆ ಉಸಿರಿನ ಓಟ ಬದಲಾಗುತ್ತದೆ. ನಾಡಿ ಹಿಡಿದ ಕೈ ಬಿಡದೆ, ನಾಡಿ ನೋಡುವವಳಂತೆಯೇ ನಿಂತು, ಕಣ್ಣನ್ನು ಎದೆಯ ಮೇಲಿಡಬೇಕು — ಪೂರ್ತಿ ಒಂದು ನಿಮಿಷ. ಎಣಿಸುವುದು ಯಾರಿಗೂ ಕಾಣಬಾರದು. ಹಾಗಾಗಿ ನಾನು ಎಣಿಸದಿರುವುದೂ ಯಾರಿಗೂ ಕಾಣಲಿಲ್ಲ.

ಮಂಜುಳ ಚೆಂಡು ಹೂವಿನ ಹೊಲದಲ್ಲಿ ಹೂ ಕೀಳುತ್ತಿದ್ದಾಗ ಹಾವು ಕಚ್ಚಿತ್ತು. ಅತ್ತೆ ಪುಟ್ಟಮಾದಮ್ಮ ಅವಳನ್ನು ಮೊದಲು ಬೇರು ಕಟ್ಟುವವನ ಬಳಿ ಕರೆದೊಯ್ದಿದ್ದಳು. ಅಲ್ಲಿ ಒಂದು ಗಂಟೆ ಹೋಗಿತ್ತು. ಗಾಯದ ಮೇಲೆ ಸೊಪ್ಪಿನ ರಸ ಮೆತ್ತಿದ್ದರಿಂದ ಹಲ್ಲಿನ ಗುರುತು ಸರಿಯಾಗಿ ಕಾಣುತ್ತಿರಲಿಲ್ಲ. ಡಾಕ್ಟರು ರಕ್ತ ತೆಗೆದು ನೋಡಿದರು, ಅದು ಸರಿಯಾಗಿ ಹೆಪ್ಪುಗಟ್ಟಿತು, ರಕ್ತ ಕೆಡಿಸುವ ವಿಷವಲ್ಲ ಎಂದಾಯಿತು. "ಅಷ್ಟರಿಂದ ಧೈರ್ಯ ಬೇಡ. ನರಕ್ಕೆ ಏರುವ ವಿಷವೂ ಇರಬಹುದು. ಅರ್ಧ ಗಂಟೆಗೊಮ್ಮೆ ಕಣ್ಣುರೆಪ್ಪೆ, ನುಂಗುವುದು, ಉಸಿರು ನೋಡಿ. ಸ್ವಲ್ಪ ಬದಲಾದರೂ ನನ್ನನ್ನು ಕರೆಯಿರಿ" ಎಂದು ಹೇಳಿ ಹೊರರೋಗಿಗಳ ಕಡೆ ಹೋದರು.

ನಾನು ಅವಳಿಗೂ ಹೊಸ ಹಾಳೆ ಹಾಕಿ, ಹತ್ತು ಗಂಟೆಯಿಂದ ಹನ್ನೆರಡರವರೆಗಿನ ಐದು ಮನೆಗಳನ್ನೂ ಒಂದೇ ಸಲ ತುಂಬಿದೆ.

ಹತ್ತೂವರೆ ದಾಟಿತ್ತು. ಮಂಜುಳ, "ಕಣ್ಣು ಎಳೀತವೆ ಸಿಸ್ಟ್ರೇ" ಎಂದಳು. ಅತ್ತೆ ಎದ್ದು ಬಂದು, "ಮಾತು ತೊದಲ್ತಾವಳೆ ಕಣವ್ವ, ಒಸಿ ಬಂದು ನೋಡವ್ವ" ಎಂದಳು. ನಾನು ಔಷಧದ ತಟ್ಟೆ ಜೋಡಿಸುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ: "ನಸುಕಿನಿಂದ ಹೂ ಕಿತ್ತವಳಿಗೆ ನಿದ್ದೆ ಬರುತ್ತದೆ. ತಡ ಮಾಡಿದ್ದು ನೀವು, ಈಗ ನಮಗೆ ಅವಸರ ಮಾಡಬೇಡಿ."

ಹನ್ನೊಂದಕ್ಕೆ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು, "ಆ ಹಾವಿನ ಕೇಸು?"

"ಉಸಿರು ಇಪ್ಪತ್ತು ಸರ್" ಎಂದೆ. ಅವರು ತಿರುಗಿ ಹೋದರು.

ಹನ್ನೊಂದೂ ಇಪ್ಪತ್ತಕ್ಕೆ ಅತ್ತೆ ಕಿರುಚಿದಳು. ಮಂಜುಳಳ ತುಟಿ ನೀಲಿಯಾಗಿತ್ತು, ಎದೆ ಏಳುತ್ತಲೇ ಇರಲಿಲ್ಲ. ಆಮೇಲೆ ಎಲ್ಲವೂ ನಡೆಯಿತು — ವಿಷಕ್ಕೆ ಮದ್ದು, ಉಸಿರು ಒತ್ತುವ ಚೀಲ, ಮೈಸೂರಿಗೆ ಆಂಬುಲೆನ್ಸ್. ನಂಜನಗೂಡು ತಲುಪುವ ಮೊದಲೇ ಮುಗಿಯಿತು. ಅತ್ತೆ ಹೇಳಿದಾಗಲೇ ಡಾಕ್ಟರನ್ನು ಕರೆದಿದ್ದರೆ ಉಳಿಯುತ್ತಿದ್ದಳೇ, ಗೊತ್ತಿಲ್ಲ. ಮದ್ದು ಕಪಾಟಿನಲ್ಲಿತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಆಂಬುಲೆನ್ಸ್ ಹೊರಡುವ ಮುಂಚೆ ಡಾಕ್ಟರು ಹಾಳೆ ಕೇಳಿದರು. ಇನ್ನೂ ಬಾರದ ಹನ್ನೆರಡು ಗಂಟೆಯ ಮನೆಯಲ್ಲೂ ಇಪ್ಪತ್ತು ಇತ್ತು. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿ ಬೇರೊಂದು ಬರೆದುಕೊಟ್ಟೆ: ಹನ್ನೊಂದರವರೆಗೆ ಇಪ್ಪತ್ತು, ಆಮೇಲೆ ಇದ್ದಕ್ಕಿದ್ದಂತೆ ಉಸಿರು ಕ್ಷೀಣ. ಡಾಕ್ಟರು ಅದನ್ನು ನಂಬಿದರು. ಅವಳ ಗಂಡ ಸಿದ್ದರಾಜುವಿಗೆ, "ತಡವಾಗಿ ತಂದಿರಿ, ಅದಕ್ಕೇ ಹೀಗಾಯಿತು" ಎಂದರು. ಅವನು ತಾಯಿಯ ಕಡೆ ತಿರುಗಿ ನೋಡಿದ. ನಾನು ಪಕ್ಕದಲ್ಲೇ ಇದ್ದೆ. ಮಾತಾಡಬಹುದಿತ್ತು —

ಆ ದಿನದ ನಂತರ ನಾನು ಎಣಿಸದೆ ಒಂದು ಅಂಕಿಯನ್ನೂ ಬರೆದಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಎಣಿಸುವುದು ನನ್ನಿಂದ ಆಗುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ನಿವೃತ್ತಿಯಾಗಿ ಈಗ ಚಾಮರಾಜನಗರದಲ್ಲಿದ್ದೇನೆ. ಹೋದ ತಿಂಗಳು ಬೇಗೂರಿನ ಆರೋಗ್ಯ ತಪಾಸಣಾ ಶಿಬಿರಕ್ಕೆ ಕೈ ಜೋಡಿಸಲು ಹೋಗಿದ್ದಾಗ, ಸಾಲಿನಲ್ಲಿ ಏದುಸಿರು ಬಿಡುತ್ತ ಪುಟ್ಟಮಾದಮ್ಮ ಬಂದಳು. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಕಾಲು ಊದಿತ್ತು. ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರೆ ನಕ್ಕಳು. "ಸೊಸೆ ಜೀವ ತಗ್ದವಳಿಗೆ ಯಾಕವ್ವ ಔಸ್ದಿ? ಓಗೋದು ಓಗ್ಲಿ ಬುಡು." ಬಿಪಿ ಪಟ್ಟಿ ಕಟ್ಟಿ ಅಂಕಿ ಬರೆದುಕೊಂಡೆ. ಅಲ್ಲಿಯೂ ಹೇಳಲಿಲ್ಲ. ಮನೆಗೆ ಬಂದು ಟ್ರಂಕಿನ ತಳದಿಂದ ಅಂದು ಮಡಚಿಟ್ಟಿದ್ದ ಹಾಳೆ ತೆಗೆದೆ.

ನಿನ್ನೆ ಬಸ್ಸಿನಲ್ಲಿ ಬೇಗೂರಿಗೆ ಹೋದೆ. ಮೂರು ಗಂಟೆಗೆ ಅವರ ಜಗಲಿಯಲ್ಲಿ ಪುಟ್ಟಮಾದಮ್ಮ ಇದ್ದಳು, ಮಂಜುಳಳ ಮಗಳು ಸೌಮ್ಯ ಇದ್ದಳು. ತಾಯಿ ಸತ್ತಾಗ ಅವಳು ತೊಡೆಯ ಮೇಲಿನ ಕೂಸು. ಕುಳಿತುಕೊಳ್ಳದೆಯೇ ಎಲ್ಲ ಹೇಳಿ ಹಾಳೆ ಕೊಟ್ಟೆ. ಸೌಮ್ಯ ಅಜ್ಜಿಗೆ ಓದಿ ಹೇಳಿದಳು. ಹನ್ನೆರಡು ಗಂಟೆಯ ಅಂಕಿಗೆ ಬಂದು ನಿಲ್ಲಿಸಿದಳು.

"ನಮ್ಮಪ್ಪ ಇಷ್ಟು ವರ್ಸದಿಂದ ಅಜ್ಜಿ ಕೈಲಿ ನೀರು ಇಸ್ಕೊಂಡು ಕುಡ್ದಿಲ್ಲ. ಗೊತ್ತಾ ನಿಮ್ಗೆ?" ಎಂದಳು.

ಗೊತ್ತಿರಲಿಲ್ಲ. "ಅವರಿಗೂ ನಾನೇ ಹೇಳುತ್ತೇನೆ" ಎಂದು ಕಾದೆ.

ಪುಟ್ಟಮಾದಮ್ಮ ಹಾಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಅಂದಳು, "ನಾನು ಕೂಗ್ದೆ ಅಲ್ವಾ ಕಣವ್ವ. ಮಾತು ತೊದಲ್ತಾವಳೆ ಅಂತ. ನಾನು ಕೂಗಿದ್ದು ದಿಟ ಅಲ್ವಾ?"

"ದಿಟ. ನೀವು ಕಂಡಿರಿ. ನಾನು ನೋಡಲಿಲ್ಲ."

ನಾಲ್ಕೂವರೆಗೆ ಸಿದ್ದರಾಜು ಹೊಲದಿಂದ ಬಂದ. ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಅವನು ಹೆಗಲ ಮೇಲಿನ ಟವಲು ತೆಗೆದು ಮಡಿಸುತ್ತ ಕೇಳಿಸಿಕೊಂಡ. "ಇವತ್ತೇ ಯಾಕ್ ಬಂದ್ರಿ? ಇನ್ನೊಂದು ಇಪ್ಪತ್ತು ವರ್ಸ ಬುಟ್ಟು ಬರಬೌದಿತ್ತು, ನಮ್ಮವ್ವ ಮಣ್ಣಿಗೋದ್ ಮ್ಯಾಲೆ" ಎಂದ. ದೂರು ಕೊಡುವುದಾದರೆ ಹಾಳೆ ನಿಮ್ಮ ಹತ್ತಿರವೇ ಇರಲಿ, ಎಲ್ಲಿ ಕರೆದರೂ ಬಂದು ಇದನ್ನೇ ಹೇಳುತ್ತೇನೆ ಎಂದೆ.

ಅವನು ಕಂಬಕ್ಕೆ ಒರಗಿ ಕುಳಿತ. ಯಾರ ಕಡೆಯೂ ನೋಡದೆ, "ಅವ್ವ, ಒಂದು ಲೋಟ ನೀರು ಕೊಡು" ಎಂದ.

ಸೌಮ್ಯ ಏಳಹೋದಳು. ಮುದುಕಿ ಅವಳ ಭುಜ ಅದುಮಿ ಕೂರಿಸಿ, ತಾನೇ ಎದ್ದು ಒಳಗೆ ಹೋಗಿ ತಂದಳು. ಲೋಟ ಕೊಟ್ಟು ಕುಳಿತವಳಿಗೆ ಏದುಸಿರು ಹತ್ತಿತು. ಐದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟೆ. ಮೊಣಕಾಲಿನ ಕೆಳಗೆ ಒತ್ತಿದರೆ ಬೆರಳಿನ ಗುಳಿ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾಳಂತೆ. ಕೈ ಹಿಡಿದು ನಾಡಿ ನೋಡಿದೆ, ಕೈ ಬಿಡಲಿಲ್ಲ. ಕಣ್ಣನ್ನು ಎದೆಯ ಮೇಲಿಟ್ಟೆ. ಒಂದು ನಿಮಿಷ.

"ಎಷ್ಟು?" ಎಂದ ಸಿದ್ದರಾಜು. ನಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಈಗ ಗೊತ್ತಿತ್ತು.

"ಇಪ್ಪತ್ತೆಂಟು."

"ದಿಟವಾಗ್ಲೂ ಎಣಿಸಿದ್ರಾ?"

"ಎಣಿಸಿದೆ."

"ಇನ್ನೊಂದ್ ಸಲ ಎಣಿಸಿ. ನಾನೂ ಎಣಿಸ್ತೀನಿ."

ಸೌಮ್ಯ ಮೊಬೈಲಿನಲ್ಲಿ ಸಮಯ ಹಿಡಿದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ತಾಯಿಯ ಎದೆಯನ್ನೇ ನೋಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸಿದ. ಇಬ್ಬರಿಗೂ ಇಪ್ಪತ್ತೆಂಟೇ ಬಂತು.

ಬೆಳಿಗ್ಗೆ ಮೊದಲ ಬಸ್ಸಿಗೇ ಚಾಮರಾಜನಗರಕ್ಕೆ ಕರೆತರಬೇಕು, ಹೃದಯ ನೋಡಿಸಬೇಕು, ರಾತ್ರಿ ಹೆಚ್ಚಾದರೆ ಕಾಯದೆ ಆಂಬುಲೆನ್ಸ್ ಕರೆಯಬೇಕು ಎಂದು ಹೇಳಿದೆ. ಚೀಟಿಯಲ್ಲಿ ಹೆಸರು, ವಯಸ್ಸು, ನಾಡಿ ಬರೆದೆ. ಉಸಿರಾಟದ ಮುಂದೆ ಇಪ್ಪತ್ತೆಂಟು, ಎಣಿಸಿದ ಸಮಯ ಐದು ಗಂಟೆ ಹತ್ತು ನಿಮಿಷ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ರುಜು ಹಾಕಿ, ಚೀಟಿಯನ್ನು ಸಿದ್ದರಾಜುವಿನ ಕೈಗೆ ಕೊಟ್ಟೆ.